ಮನೆ ಅಮ್ಮನ ಹೆಸರಲ್ಲಿ, ಸಾಲ ಮಗನ ಹೆಸರಲ್ಲಿ: ಮಗಳಿಗೆ ಬರೆದುಕೊಟ್ಟರೆ ಸಾಲ ಯಾರದು?

'ಕಂತು ಕಟ್ಟಿದವರದೇ ಮನೆ' ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. 'ಮನೆ ಬರೆದುಕೊಟ್ಟರೆ ಸಾಲವೂ ಅವರಿಗೇ ಹೋಗುತ್ತದೆ' ಎಂಬುದು ಇನ್ನೊಂದು ನಂಬಿಕೆ. ಎರಡೂ ತಪ್ಪು. ಹೀಗೆ ನಂಬಿ ಮನೆಯನ್ನೂ ನೆಂಟಸ್ತಿಕೆಯನ್ನೂ ಕಳೆದುಕೊಳ್ಳುವ ಅಪಾಯವಿದೆ.

ಒಂದು ಉದಾಹರಣೆ ನೋಡೋಣ. ಮನೆ ತಾಯಿಯ ಹೆಸರಲ್ಲಿದೆ. ಅದನ್ನು ಅಡವಿಟ್ಟು ದೊಡ್ಡ ಮಗ ತನ್ನ ಹೆಸರಿನಲ್ಲಿ ಬ್ಯಾಂಕ್ ಸಾಲ ಪಡೆದಿದ್ದಾನೆ. ತಾಯಿ ಈಗ ಆ ಮನೆಯನ್ನು ಮಗಳಿಗೆ ದಾನಪತ್ರ ಮಾಡಿಕೊಡಲು ಬಯಸುತ್ತಾರೆ. ಆಗ ಏನಾಗುತ್ತದೆ?

ಇಲ್ಲಿ ಮೂರು ಬೇರೆ ಬೇರೆ ಎಳೆಗಳಿವೆ.

ಮೊದಲನೆಯದು ಮಾಲೀಕತ್ವ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ ಪ್ರಕಾರ ಮನೆಯ ದಾನಪತ್ರಕ್ಕೆ ಕನಿಷ್ಠ ಇಬ್ಬರು ಸಾಕ್ಷಿಗಳ ಸಹಿ ಇರಬೇಕು, ನೋಂದಣಿಯೂ ಆಗಬೇಕು. ಬರೀ ಖಾತಾ ಬದಲಾಯಿಸಿದರೆ ಸಾಲದು. ಖಾತಾ ತೆರಿಗೆ ಕಟ್ಟುವ ದಾಖಲೆಯೇ ಹೊರತು ಹಕ್ಕುಪತ್ರವಲ್ಲ. ಜಿಪಿಎ ಮಾಡಿಕೊಟ್ಟರೂ ಮಾಲೀಕತ್ವ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಸ್ಪಷ್ಟಪಡಿಸಿದೆ.

ಎರಡನೆಯದು ಸಾಲ. ಇದು ಮಗನಿಗೂ ಬ್ಯಾಂಕಿಗೂ ನಡುವಿನ ಕರಾರು. ಮನೆ ತಂಗಿಗೆ ಹೋದರೂ ಕಂತಿನ ಹೊಣೆ ಅಣ್ಣನ ಮೇಲೇ ಉಳಿಯುತ್ತದೆ. ಸಾಲಗಾರರನ್ನು ಬದಲಿಸಬೇಕಾದರೆ ಬ್ಯಾಂಕ್ ಒಪ್ಪಲೇಬೇಕು. 'ಇನ್ನು ಮುಂದೆ ತಂಗಿಯೇ ಕಟ್ಟುತ್ತಾಳೆ' ಎಂದು ಮನೆಯವರು ಛಾಪಾ ಕಾಗದದಲ್ಲಿ ಬರೆದುಕೊಂಡರೂ ಅದು ಬ್ಯಾಂಕನ್ನು ಕಟ್ಟಿಹಾಕುವುದಿಲ್ಲ.

ಮೂರನೆಯದು ಅಡಮಾನ. ಇದು ಮನೆಗೇ ಅಂಟಿಕೊಂಡಿರುತ್ತದೆ. ಮಾಲೀಕರು ಬದಲಾದರೂ ಅದು ಮನೆಯ ಹಿಂದೆಯೇ ಹೋಗುತ್ತದೆ. ತೊಂದರೆ ಬರುವುದೇ ಇಲ್ಲಿ. ತಂಗಿ ಒಂದು ರೂಪಾಯಿ ಸಾಲ ಮಾಡಿಲ್ಲ. ಆದರೆ ಅಣ್ಣ ಕಂತು ನಿಲ್ಲಿಸಿದರೆ ಹೋಗುವುದು ಅವಳ ಮನೆ. ಕಂತು 90 ದಿನಕ್ಕಿಂತ ಹೆಚ್ಚು ಬಾಕಿಯಾದರೆ ಸಾಲ ಎನ್‌ಪಿಎ ಆಗುತ್ತದೆ. ಬಳಿಕ 2002ರ ಸರ್ಫೇಸಿ ಕಾಯ್ದೆಯಡಿ ಬ್ಯಾಂಕ್ 60 ದಿನಗಳ ನೋಟಿಸ್ ಕೊಟ್ಟು, ದಾವೆ ಹೂಡದೆಯೇ ಮನೆಯನ್ನು ವಶಕ್ಕೆ ಪಡೆಯಲು ಮುಂದಾಗಬಹುದು. ಅಣ್ಣನ ಕಷ್ಟವೂ ಕಡಿಮೆಯಲ್ಲ: ತನ್ನದಲ್ಲದ ಮನೆಗೆ ವರ್ಷಗಟ್ಟಲೆ ಕಂತು ಕಟ್ಟಬೇಕು.

'ಹಣ ನನ್ನದು, ಆದ್ದರಿಂದ ಮನೆಯೂ ನನ್ನದು' ಎಂದು ಅಣ್ಣ ಕೋರ್ಟಿಗೆ ಹೋಗಬಹುದಲ್ಲವೇ? ಅದು ಅಷ್ಟು ಸುಲಭವಲ್ಲ. ಇಂತಹ ವಾದ ಬೇನಾಮಿ ವ್ಯವಹಾರ ತಡೆ ಕಾಯ್ದೆಗೆ ಸಿಕ್ಕಿಬೀಳಬಹುದು. ಲೆಕ್ಕವಿರುವ ಹಣದಿಂದ ಗಂಡ, ಹೆಂಡತಿ ಅಥವಾ ಮಕ್ಕಳ ಹೆಸರಲ್ಲಿ ಕೊಂಡ ಆಸ್ತಿಗೆ ಆ ಕಾಯ್ದೆ ವಿನಾಯಿತಿ ಕೊಡುತ್ತದೆ. ತಂದೆ-ತಾಯಿ, ಅಣ್ಣ-ತಮ್ಮ, ಅಕ್ಕ-ತಂಗಿಯರ ವಿಷಯದಲ್ಲಿ ಪತ್ರದಲ್ಲಿ ಹಣ ಕೊಟ್ಟವರ ಹೆಸರೂ ಜಂಟಿಯಾಗಿ ಇದ್ದರೆ ಮಾತ್ರ ಆ ವಿನಾಯಿತಿ.

ಹಾಗಾದರೆ ಸರಿಯಾದ ದಾರಿ ಯಾವುದು? ಮೊದಲನೆಯದು, ಸಾಲ ತೀರಿಸಿ, ಅಡಮಾನ ಬಿಡಿಸಿಕೊಂಡು, ಆಮೇಲೆ ದಾನಪತ್ರ ಮಾಡುವುದು. ಎರಡನೆಯದು, ಮಗಳಿಗೆ ಆದಾಯವಿದ್ದರೆ ಬ್ಯಾಂಕಿನ ಲಿಖಿತ ಒಪ್ಪಿಗೆಯೊಂದಿಗೆ ಅವಳ ಹೆಸರಿನಲ್ಲಿ ಹೊಸ ಸಾಲ ಮಾಡಿ ಹಳೆಯದನ್ನು ಮುಚ್ಚುವುದು. ಬ್ಯಾಂಕಿಗೆ ತಿಳಿಸದೆ ವರ್ಗಾಯಿಸುವುದು ಸಾಮಾನ್ಯವಾಗಿ ಸಾಲದ ಕರಾರಿನ ಉಲ್ಲಂಘನೆ. ಈಗಾಗಲೇ ವರ್ಗಾವಣೆ ಆಗಿಬಿಟ್ಟಿದ್ದರೆ? ಆಸ್ತಿಯಲ್ಲಿ ಹಿತಾಸಕ್ತಿ ಇರುವವರು ಬಾಕಿ ಕಟ್ಟಿ ಅಡಮಾನ ಬಿಡಿಸಿಕೊಳ್ಳಲು 1882ರ ಕಾಯ್ದೆಯ 91ನೇ ಸೆಕ್ಷನ್ ಅವಕಾಶ ಕೊಡುತ್ತದೆ. ಆ ಹಕ್ಕು ತಂಗಿಗೂ ಇದೆ.

ಸಾಲ ತೀರಿದ 30 ದಿನಗಳೊಳಗೆ ಬ್ಯಾಂಕ್ ಮೂಲ ಪತ್ರಗಳನ್ನು ಹಿಂತಿರುಗಿಸಬೇಕು. ತನ್ನಿಂದಾಗಿ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು. ಇದು ರಿಸರ್ವ್ ಬ್ಯಾಂಕ್ 2023ರಲ್ಲಿ ಹೊರಡಿಸಿದ ನಿಯಮ. ಪತ್ರ ಕೈಗೆ ಬಂದಿತೆಂದು ಅಲ್ಲಿಗೇ ನಿಲ್ಲಿಸಬೇಡಿ. ಉಪನೋಂದಣಾಧಿಕಾರಿ ಕಚೇರಿಯಲ್ಲಿ ಅಡಮಾನ ನೋಂದಣಿಯಾಗಿದ್ದರೆ ಅದರ ಬಿಡುಗಡೆಯನ್ನೂ ನೋಂದಾಯಿಸಿ, ಹೊಸ ಇ.ಸಿ. ತೆಗೆಸಿ ನೋಡಿ.

ಮನೆ ಯಾರಿಗೆ ಎಂಬುದು ಕುಟುಂಬದ ತೀರ್ಮಾನ. ಸಾಲ ಯಾರದು ಎಂಬುದಕ್ಕೆ ಮಾತ್ರ ಬ್ಯಾಂಕಿನ ಸಹಿಯೂ ಬೇಕು.