ಕೋಡ್ ಮುಕ್ತ, ಕರಾರು ಬಿಗಿ

ಮಾಲೂರು ತಾಲ್ಲೂಕಿನ ಶಿವಾರಪಟ್ಟಣ ಶಿಲ್ಪಿಗಳ ಊರು. ದೇವತಾ ವಿಗ್ರಹಗಳ ಅಳತೆಗೆ ಅಲ್ಲಿ ಶಿಲ್ಪಶಾಸ್ತ್ರದ ತಾಳಮಾನವೇ ಆಧಾರ. ಕಾನೂನಿನ ದೃಷ್ಟಿಯಲ್ಲಿ ತಾಳಮಾನ ಇಂದು ಯಾರೊಬ್ಬರ ಸ್ವತ್ತೂ ಅಲ್ಲ. ಕಲಿಯುವವರು ಕಲಿಯಬಹುದು, ಅನುಸರಿಸಬಹುದು, ಬೇಕಾದರೆ ಮಾರ್ಪಡಿಸಲೂಬಹುದು. ಆದರೆ ಅಳತೆ ಗೊತ್ತಾದ ಮಾತ್ರಕ್ಕೆ ವಿಗ್ರಹವಾಗುವುದಿಲ್ಲ. ಕಲ್ಲು ಬೇಕು, ಕಲ್ಲುಗಣಿಯ ಗುತ್ತಿಗೆ ಮತ್ತೊಬ್ಬರ ಕೈಯಲ್ಲಿರುತ್ತದೆ. ಕೊಳ್ಳುವವರು ಬೇಕು, ಅವರನ್ನು ತಲುಪುವ ದಾರಿ ಶಿಲ್ಪಿಯ ವಶದಲ್ಲಿರುವುದಿಲ್ಲ. ಶಾಸ್ತ್ರದ ಮುಕ್ತತೆಗೂ ಮಾರುಕಟ್ಟೆಯ ಮುಕ್ತತೆಗೂ ನಡುವೆ ಇರುವ ಈ ಅಂತರವೇ ಮೊಬೈಲ್ ಫೋನಿನ ‘ಮುಕ್ತ ತಂತ್ರಾಂಶ’ ಕುರಿತ ಚರ್ಚೆಯಲ್ಲಿ ಮರೆಯಾಗಿಬಿಡುತ್ತದೆ.

ಶಿವಾರಪಟ್ಟಣದಿಂದ ಹೆಚ್ಚು ದೂರವಿಲ್ಲದ ನರಸಾಪುರದಲ್ಲಿ ಐಫೋನ್ ಜೋಡಿಸುವ ಕಾರ್ಖಾನೆಯಿದೆ. ತೈವಾನಿನ ವಿಸ್ಟ್ರಾನ್ ಕಂಪನಿ ಆರಂಭಿಸಿದ ಈ ಘಟಕದಲ್ಲಿ 2020ರ ಡಿಸೆಂಬರ್ 12ರಂದು ವೇತನದ ವಿಚಾರವಾಗಿ ನಡೆದ ಗಲಭೆ ಓದುಗರಿಗೆ ನೆನಪಿರಬಹುದು. 2023ರಲ್ಲಿ ಅದು ಟಾಟಾ ಸಮೂಹದ ತೆಕ್ಕೆಗೆ ಬಂತು. ಅಲ್ಲಿ ತಯಾರಾಗುವ ಫೋನಿನ ತಂತ್ರಾಂಶ ಹೆಚ್ಚುಕಡಿಮೆ ಸಂಪೂರ್ಣವಾಗಿ ಆಪಲ್ ಕಂಪನಿಯ ಹಿಡಿತದಲ್ಲಿದೆ. ಕಂಪನಿ ಅದನ್ನು ಮುಚ್ಚಿಡುವುದೂ ಇಲ್ಲ. ಸುತ್ತಲಿನ ಹಳ್ಳಿಗಳಲ್ಲಿ ಜನರ ಕೈಯಲ್ಲಿರುವುದು ಬಹುಪಾಲು ಆಂಡ್ರಾಯ್ಡ್ ಫೋನುಗಳು. ಇವು ಮುಕ್ತ ಪರವಾನಗಿಯ ತಂತ್ರಾಂಶದ ಮೇಲೆ ನಿಂತವು ಎಂದು ಹೇಳಲಾಗುತ್ತದೆ. ಹೇಳಿಕೆ ಸುಳ್ಳಲ್ಲ, ಆದರೆ ಅರ್ಧ ಸತ್ಯ.

2005ರಲ್ಲಿ ಆಂಡ್ರಾಯ್ಡ್ ಸಂಸ್ಥೆಯನ್ನು ಕೊಂಡ ಗೂಗಲ್, 2007ರ ನವೆಂಬರ್‌ನಲ್ಲಿ ಹಲವು ಫೋನ್ ತಯಾರಕರ ಒಕ್ಕೂಟ ರಚಿಸಿ ಈ ವ್ಯವಸ್ಥೆಯನ್ನು ಪ್ರಕಟಿಸಿತು. ಅದರ ತಳಪಾಯವಾದ ಲಿನಕ್ಸ್ ಕರ್ನೆಲ್ ಜಿಪಿಎಲ್ ಪರವಾನಗಿಯಡಿ ಇದೆ. ಅಂದರೆ ಅದನ್ನು ತಿದ್ದಿ ಹಂಚುವವರು ತಿದ್ದುಪಡಿಯ ಸೋರ್ಸ್ ಕೋಡನ್ನೂ ಕೊಡಬೇಕು. ಅದರ ಮೇಲಿನ ಪದರಗಳಿಗೆ ಗೂಗಲ್ ಬಹುತೇಕ ಅಪಾಚೆ ಪರವಾನಗಿಯನ್ನು ಆರಿಸಿಕೊಂಡಿತು. ಅದು ಉದಾರವಾದದ್ದು: ತೆಗೆದುಕೊಳ್ಳಿ, ತಿದ್ದಿ, ಮಾರಿ, ತಿದ್ದಿದ್ದನ್ನು ಬೇಕಾದರೆ ಗುಟ್ಟಾಗಿಟ್ಟುಕೊಳ್ಳಿ. ಫೋನ್ ತಯಾರಕರಿಗೆ ಇದಕ್ಕಿಂತ ಆಕರ್ಷಕವಾದದ್ದು ಮತ್ತೊಂದಿರಲಿಲ್ಲ. ಆಗ ಮೈಕ್ರೋಸಾಫ್ಟ್ ತನ್ನ ಮೊಬೈಲ್ ವಿಂಡೋಸ್‌ಗೆ ಶುಲ್ಕ ವಿಧಿಸುತ್ತಿತ್ತು. ನಮ್ಮ ಮಧ್ಯಮ ವರ್ಗದ ಅಚ್ಚುಮೆಚ್ಚಿನ ನೋಕಿಯಾ ಕೂಡ ಸಿಂಬಿಯನ್ ವ್ಯವಸ್ಥೆಯನ್ನು 2010ರ ಫೆಬ್ರುವರಿಯಲ್ಲಿ ಮುಕ್ತಗೊಳಿಸಿತು. ಮರುವರ್ಷವೇ ಅದು ಮೈಕ್ರೋಸಾಫ್ಟ್ ಜೊತೆ ಕೈಜೋಡಿಸಿತು, ಸಿಂಬಿಯನ್‌ನ ಬಾಗಿಲು ಮತ್ತೆ ಮುಚ್ಚಿತು. ಪರವಾನಗಿಯೊಂದೇ ವೇದಿಕೆಯನ್ನು ಉಳಿಸಲಾರದು ಎಂಬುದಕ್ಕೆ ಇದು ಮೊದಲ ನಿದರ್ಶನ.

ಸರ್ಕಾರಿ ಸೇವೆಯ ವರ್ಷಗಳಲ್ಲಿ ನಾನು ಕಲಿತ ಒಂದು ಅಭ್ಯಾಸವೆಂದರೆ ಒಪ್ಪಂದದ ಮುಖಪುಟಕ್ಕಿಂತ ಮೊದಲು ಅನುಬಂಧವನ್ನು ಓದುವುದು. ಆಂಡ್ರಾಯ್ಡ್ ವಿಷಯದಲ್ಲೂ ಅನುಬಂಧವೇ ಮುಖ್ಯ. ಫೋನಿನಲ್ಲಿ ಪ್ಲೇ ಸ್ಟೋರ್, ನಕ್ಷೆ, ಯೂಟ್ಯೂಬ್ ಮತ್ತು ಇವುಗಳ ಹಿಂದೆ ಕೆಲಸ ಮಾಡುವ ‘ಪ್ಲೇ ಸರ್ವಿಸಸ್’ ಬೇಕಾದರೆ ಮುಕ್ತ ಪರವಾನಗಿ ಸಾಲದು. ತಯಾರಕರು ಗೂಗಲ್ ಜೊತೆ ಪ್ರತ್ಯೇಕ ವಿತರಣಾ ಒಪ್ಪಂದಕ್ಕೆ ಸಹಿ ಹಾಕಬೇಕು. ಅದರ ಷರತ್ತಿನಂತೆ ಗೂಗಲ್‌ನ ಆ್ಯಪ್‌ಗಳ ಇಡೀ ಗುಚ್ಛ ಫೋನಿನಲ್ಲಿ ಮೊದಲೇ ಕೂರಬೇಕಿತ್ತು. ‘ವಿಘಟನೆ ತಡೆ’ ಒಪ್ಪಂದವೆಂಬ ಇನ್ನೊಂದು ಕರಾರಿನ ಪ್ರಕಾರ, ಸಹಿ ಹಾಕಿದವರು ಆಂಡ್ರಾಯ್ಡ್‌ನ ಬೇರೆ ಕವಲುಗಳನ್ನು ಆಧರಿಸಿದ ಸಾಧನಗಳನ್ನು ಮಾರುವಂತಿರಲಿಲ್ಲ. ಪರವಾನಗಿ ಕೊಟ್ಟ ಹಕ್ಕನ್ನು ಕರಾರು ಹಿಂದಕ್ಕೆ ಪಡೆಯಿತು.

ಗೂಗಲ್ ಪರ ವಾದವನ್ನೂ ಹೇಳಬೇಕು. ಪ್ರತಿ ತಯಾರಕರೂ ತಮ್ಮದೇ ಕವಲು ತೆಗೆದರೆ ಒಂದು ಫೋನಿಗೆ ಬರೆದ ಆ್ಯಪ್ ಇನ್ನೊಂದರಲ್ಲಿ ಓಡುವುದಿಲ್ಲ, ನಷ್ಟವಾಗುವುದು ಬಳಕೆದಾರರಿಗೇ. ಉಚಿತವಾಗಿ ಕೊಡುವ ವ್ಯವಸ್ಥೆಯ ಅಭಿವೃದ್ಧಿ ವೆಚ್ಚ ಎಲ್ಲಿಂದಲಾದರೂ ಹುಟ್ಟಬೇಕು. ಎರಡೂ ತೂಕದ ಮಾತುಗಳೇ. ಆದರೆ ಹೊಂದಾಣಿಕೆ ಕಾಪಾಡುವುದಕ್ಕೂ ಹುಡುಕಾಟದ ಆ್ಯಪನ್ನು ಕಡ್ಡಾಯವಾಗಿ ಕಟ್ಟಿಕೊಡುವುದಕ್ಕೂ ಏನು ಸಂಬಂಧ? ಅರ್ಥಶಾಸ್ತ್ರದ ಎಂ.ಎ. ತರಗತಿಯಲ್ಲಿ ಪೂರಕ ಸರಕುಗಳ ಬಗ್ಗೆ ಕಲಿತಿದ್ದೇವೆ: ಒಂದರ ಬೆಲೆ ಸೊನ್ನೆಯಾದರೆ ಲಾಭ ಇನ್ನೊಂದರಲ್ಲಿ ಅಡಗಿರುತ್ತದೆ. ಇಲ್ಲಿ ಆ ಇನ್ನೊಂದು, ಜಾಹೀರಾತು.

ಮುಕ್ತ ಭಾಗಕ್ಕೂ ಮುಚ್ಚಿದ ಭಾಗಕ್ಕೂ ಇರುವ ವ್ಯತ್ಯಾಸ 2019ರ ಮೇ ತಿಂಗಳಲ್ಲಿ ಜಗತ್ತಿಗೇ ಕಂಡಿತು. ಅಮೆರಿಕ ಸರ್ಕಾರದ ನಿರ್ಬಂಧದಿಂದಾಗಿ ಚೀನಾದ ಹುವಾವೆ ತನ್ನ ಹೊಸ ಫೋನುಗಳಲ್ಲಿ ಗೂಗಲ್ ಸೇವೆಗಳನ್ನು ಕಳೆದುಕೊಂಡಿತು. ಮುಕ್ತ ಪರವಾನಗಿಯ ಆಂಡ್ರಾಯ್ಡ್ ಅದರ ಬಳಿ ಹಾಗೆಯೇ ಉಳಿಯಿತು, ಅದನ್ನು ಯಾರೂ ಕಸಿಯಲಾಗಲಿಲ್ಲ. ಆದರೂ ಚೀನಾದ ಹೊರಗೆ ಅದರ ಫೋನುಗಳ ಮಾರಾಟ ಕುಸಿಯಿತು. ಪ್ಲೇ ಸ್ಟೋರ್ ಇಲ್ಲದ ಫೋನನ್ನು ಕೊಳ್ಳುವವರು ಯಾರು?

ಹಾಗೆಂದು ಮುಕ್ತ ಪರವಾನಗಿಯಿಂದ ನಮಗೆ ಪ್ರಯೋಜನವೇ ಆಗಿಲ್ಲವೆಂದಲ್ಲ. ಆರಂಭದ ಆಂಡ್ರಾಯ್ಡ್ ಫೋನುಗಳಲ್ಲಿ ಕನ್ನಡ ಪುಟ ತೆರೆದರೆ ಅಕ್ಷರಗಳ ಜಾಗದಲ್ಲಿ ಖಾಲಿ ಚೌಕಗಳು ಕಾಣುತ್ತಿದ್ದವು. 2012ರಲ್ಲಿ ಬಂದ 4.1 ಆವೃತ್ತಿಯಲ್ಲಿ ಕನ್ನಡ, ತೆಲುಗು, ಮಲಯಾಳಂ ಲಿಪಿಗಳಿಗೆ ಬೆಂಬಲ ಸಿಕ್ಕಿತು. ಒತ್ತಕ್ಷರಗಳನ್ನು ಸರಿಯಾಗಿ ಜೋಡಿಸುವ ಹಾರ್ಫ್‌ಬಜ್ ಎಂಬ ತಂತ್ರಾಂಶವೂ ಮುಕ್ತ ಪರವಾನಗಿಯದೇ. ಮಲಯಾಳಂ ಸ್ವಯಂಸೇವಕರ ಗುಂಪಾದ ‘ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್’ ರೂಪಿಸಿದ ಇಂಡಿಕ್ ಕೀಲಿಮಣೆಯಲ್ಲಿ ಕನ್ನಡವೂ ಇದೆ. ನೆರೆಯವರು ಕಟ್ಟಿದ್ದನ್ನು ನಾವು ಬಳಸಲು ಅನುವಾದದ್ದು ಪರವಾನಗಿಯಿಂದಲೇ. (ನಮ್ಮ ವಿಶ್ವವಿದ್ಯಾಲಯಗಳು ಇಂಥ ಕೆಲಸದಲ್ಲಿ ಎಷ್ಟು ಪಾಲು ಪಡೆದಿವೆ ಎಂಬುದು ಬೇರೆಯೇ ಲೇಖನದ ವಿಷಯ.)

ಕರಾರುಗಳ ಪ್ರಶ್ನೆಯನ್ನು ಯುರೋಪ್ ಗಟ್ಟಿಯಾಗಿ ಹಿಡಿಯಿತು. 2018ರ ಜುಲೈನಲ್ಲಿ ಯುರೋಪಿಯನ್ ಕಮಿಷನ್ 434 ಕೋಟಿ ಯೂರೊ ದಂಡ ಹಾಕಿತು. 2022ರಲ್ಲಿ ಅಲ್ಲಿನ ನ್ಯಾಯಾಲಯ ಅದನ್ನು 412.5 ಕೋಟಿಗೆ ಇಳಿಸಿತು. ನಮ್ಮಲ್ಲಿ ಭಾರತೀಯ ಸ್ಪರ್ಧಾ ಆಯೋಗ 2022ರ ಅಕ್ಟೋಬರ್ 20ರಂದು 1,337.76 ಕೋಟಿ ರೂಪಾಯಿ ದಂಡ ವಿಧಿಸಿ, ಸರಣಿ ನಿರ್ದೇಶನಗಳನ್ನು ನೀಡಿತು. ಸುಪ್ರೀಂ ಕೋರ್ಟ್ ತಡೆಯಾಜ್ಞೆ ನಿರಾಕರಿಸಿದ ಮೇಲೆ, 2023ರ ಜನವರಿಯಲ್ಲಿ, ಭಾರತದಲ್ಲಿ ತಯಾರಕರು ಬೇಕಾದ ಆ್ಯಪ್‌ಗಳಿಗಷ್ಟೇ ಬಿಡಿಯಾಗಿ ಪರವಾನಗಿ ಪಡೆಯಬಹುದೆಂದು ಗೂಗಲ್ ಪ್ರಕಟಿಸಿತು. ಇದು ಸಣ್ಣ ಗೆಲುವಲ್ಲ. ಆದರೆ ಮಾರ್ಚ್ 29ರಂದು ಕಂಪನಿ ಕಾನೂನು ಮೇಲ್ಮನವಿ ನ್ಯಾಯಮಂಡಳಿ ದಂಡವನ್ನು ಎತ್ತಿಹಿಡಿದು, ನಾಲ್ಕು ನಿರ್ದೇಶನಗಳನ್ನು ರದ್ದುಗೊಳಿಸಿತು. ಬೇರೆ ಆ್ಯಪ್ ಅಂಗಡಿಗಳಿಗೆ ಪ್ಲೇ ಸ್ಟೋರ್‌ನೊಳಗೆ ಜಾಗ ಕೊಡಬೇಕೆಂಬುದು ಅವುಗಳಲ್ಲೊಂದು. ದಂಡ ಕಂಪನಿಗೆ ಒಂದು ಬಾಬತ್ತಿನ ಖರ್ಚು. ರದ್ದಾದ ನಿರ್ದೇಶನಗಳೇ ಬಳಕೆದಾರನಿಗೆ ಹೆಚ್ಚು ಬೆಲೆಯುಳ್ಳವಾಗಿದ್ದವು ಎಂಬುದು ನನ್ನ ಅಭಿಪ್ರಾಯ.

ಇತ್ತ ಮುಕ್ತ ಭಾಗವೂ ಕಿರಿದಾಗುತ್ತಿದೆ. ಆಂಡ್ರಾಯ್ಡ್‌ನ ಅಭಿವೃದ್ಧಿಯನ್ನು ಸಂಪೂರ್ಣವಾಗಿ ಒಳಗೇ ನಡೆಸಿ, ಸಿದ್ಧವಾದ ಮೇಲೆ ಕೋಡ್ ಬಿಡುಗಡೆ ಮಾಡುವುದಾಗಿ ಗೂಗಲ್ 2025ರ ಮಾರ್ಚ್‌ನಲ್ಲಿ ತಿಳಿಸಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಇನ್ನೊಂದು ಪ್ರಕಟಣೆ: ಪ್ಲೇ ಸ್ಟೋರ್‌ನ ಹೊರಗೆ ಆ್ಯಪ್ ಹಂಚುವವರೂ ಗೂಗಲ್ ಬಳಿ ಗುರುತು ದೃಢೀಕರಿಸಿಕೊಳ್ಳಬೇಕು. ಟೀಕೆಗಳ ನಂತರ, ಅನುಭವಿ ಬಳಕೆದಾರರಿಗೆ ಬೇರೊಂದು ದಾರಿ ಬಿಡುವುದಾಗಿ ಅದು ಹೇಳಿತು. ವಂಚಕ ಆ್ಯಪ್‌ಗಳ ಹಾವಳಿ ನಿಜ, ದೃಢೀಕರಣದ ಅಗತ್ಯವೂ ನಿಜ. ಆದರೆ ದೃಢೀಕರಿಸುವ ಅಧಿಕಾರ ಒಂದೇ ಕಂಪನಿಯಲ್ಲಿರಬೇಕೇ?

ಇದನ್ನು ಕೇಳಬೇಕಾದ ಸರ್ಕಾರವೇ ಮೌನವಾಗಿ ಅದೇ ಬಾಗಿಲಲ್ಲಿ ನಿಂತಿದೆ. 2020ರ ಮುಂಗಾರಿನಲ್ಲಿ ರೈತರೇ ತಮ್ಮ ಬೆಳೆಯ ವಿವರ ದಾಖಲಿಸಲು ರಾಜ್ಯ ಸರ್ಕಾರ ಬೆಳೆ ಸಮೀಕ್ಷೆ ಆ್ಯಪ್ ಹೊರತಂದಿತು; ಅದನ್ನು ಇಳಿಸಿಕೊಳ್ಳುವ ಸ್ಥಳ ಪ್ಲೇ ಸ್ಟೋರ್ ಆಗಿತ್ತು. ಬೆಳೆ ಪರಿಹಾರದಂಥ ವಿಷಯಕ್ಕೆ ನಂಟಿರುವ ಸೇವೆಯನ್ನು ಕೋಲಾರದ ರೈತ ತಲುಪಬೇಕಾದರೆ ವಿದೇಶಿ ಕಂಪನಿಯೊಂದರ ಖಾತೆ ತೆರೆಯಬೇಕು. ಆಡಳಿತದಲ್ಲಿ ಮುಕ್ತ ತಂತ್ರಾಂಶಕ್ಕೆ ಆದ್ಯತೆ ನೀಡಬೇಕೆಂಬ ಕೇಂದ್ರದ ನೀತಿ 2015ರಷ್ಟು ಹಳೆಯದು. ಸಿ-ಡ್ಯಾಕ್ ನಡೆಸುವ ಮೊಬೈಲ್ ಸೇವಾ ಆ್ಯಪ್ ಸ್ಟೋರ್ ಕೂಡ ಇದೆ. ಅದರ ಹೆಸರು ಕೇಳಿದ ತಾಲ್ಲೂಕು ಅಧಿಕಾರಿಯನ್ನು ನಾನಂತೂ ಕಂಡಿಲ್ಲ. 2023ರಲ್ಲಿ ಮದ್ರಾಸ್ ಐಐಟಿಯ ಆಶ್ರಯದಲ್ಲಿ ಬಂದ ‘ಭಾರ್‌ಓಎಸ್’ ಬಗ್ಗೆ ಸಂಭ್ರಮ ಪಟ್ಟೆವು. ಅದೂ ಆಂಡ್ರಾಯ್ಡ್‌ನ ಮುಕ್ತ ಭಾಗವನ್ನೇ ಆಧರಿಸಿದ್ದು. ಸ್ವದೇಶಿ ಹೆಸರಿಗಿಂತ ಸರ್ಕಾರದ ಖರೀದಿ ಶಕ್ತಿ ಹೆಚ್ಚಿನ ಕೆಲಸ ಮಾಡಬಲ್ಲದು.

ಪೋಷಣ್ ಅಭಿಯಾನದಡಿ ಅಂಗನವಾಡಿ ಕಾರ್ಯಕರ್ತೆಯರಿಗೆ ಕೊಟ್ಟಂತೆ ಇಲಾಖೆಗಳು ಫೋನುಗಳನ್ನು ಸಗಟಾಗಿ ಕೊಳ್ಳುತ್ತವೆ. ಆಗ ಜಿಪಿಎಲ್ ಪ್ರಕಾರ ಕರ್ನೆಲ್‌ನ ಸೋರ್ಸ್ ಕೋಡ್ ಒಪ್ಪಿಸಬೇಕು, ಇಷ್ಟು ವರ್ಷ ಭದ್ರತಾ ಪರಿಷ್ಕರಣೆ ನೀಡಬೇಕು ಎಂದು ಕೇಳಬಹುದು. ಸರ್ಕಾರದ ಪ್ರತಿ ಆ್ಯಪ್ ಇಲಾಖೆಯ ಸ್ವಂತ ಜಾಲತಾಣದಲ್ಲೂ ಸಹಿ ಸಮೇತ ಸಿಗಬೇಕು, ಪ್ಲೇ ಸರ್ವಿಸಸ್ ಇಲ್ಲದ ಫೋನಿನಲ್ಲೂ ಓಡಬೇಕು ಎಂದು ಬರೆಸುವವರಿಗೆ ಷರತ್ತು ಹಾಕಬಹುದು. ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ. 1999ರ ಪಾರದರ್ಶಕತೆ ಕಾಯ್ದೆಯಡಿ ಕರೆಯುವ ಟೆಂಡರಿನ ತಾಂತ್ರಿಕ ವಿವರಣೆಯ ಪುಟದಲ್ಲಿ ಈ ನಾಲ್ಕು ಸಾಲುಗಳನ್ನು ಸೇರಿಸಿದರೆ ಸಾಕು.