ತಾಯಿ ಸಿಗಡಿ ವಿಮಾನದಲ್ಲೇ ಬರಬೇಕೆ?

ಕಳೆದ ರಜೆಯಲ್ಲಿ ಕುಮಟಾ ಕಡೆಯ ಸಂಬಂಧಿಕರೊಬ್ಬರ ಸಿಗಡಿ ಹೊಂಡದ ಬಳಿ ನಾಲ್ಕು ದಿನ ಇದ್ದೆ. ಒಂದೇ ದಿನ ಬಿಟ್ಟ ಮರಿಗಳು, ಅದೇ ನೀರು, ಅದೇ ಫೀಡ್. ಬಲೆ ಎತ್ತಿದರೆ ಒಂದು 25 ಗ್ರಾಂ, ಪಕ್ಕದ್ದು 15 ಗ್ರಾಂ. ಹೆಣ್ಣು ತುಸು ದೊಡ್ಡದಾಗಿ ಬೆಳೆಯುತ್ತದೆ ನಿಜ, ಆದರೆ ಇಷ್ಟೊಂದು ಅಂತರವೇ? ‘ಎಲ್ಲ ಅದರ ಹಣೆಬರಹ’ ಎಂದು ಅವರು ನಕ್ಕರು.

ಈ ಹಣೆಬರಹಕ್ಕೆ ತಳಿವಿಜ್ಞಾನದಲ್ಲಿ ಒಂದು ಅಳತೆ ಇದೆ. ಅದೇ ಹೆರಿಟೆಬಿಲಿಟಿ. ಸೊನ್ನೆಯಿಂದ ಒಂದರವರೆಗಿನ ಸಂಖ್ಯೆ. ಅದು 0.3 ಎಂದರೆ ಸಿಗಡಿಯ ತೂಕದ ಶೇ 30ರಷ್ಟು ವಂಶದಿಂದ ಬಂತು ಎಂದಲ್ಲ. ಸಿಗಡಿಗಳ ನಡುವಿನ ವ್ಯತ್ಯಾಸದಲ್ಲಿ ಅಷ್ಟು ಪಾಲು ಮಕ್ಕಳಿಗೆ ದಾಟುವಂಥದ್ದು ಎಂದು. ಲೆಕ್ಕ ಸುಲಭ. ಹೊಂಡದ ಸರಾಸರಿ 20 ಗ್ರಾಂ, ನಾವು ಆರಿಸಿದ ತಂದೆ-ತಾಯಿಗಳದ್ದು 25 ಎಂದುಕೊಳ್ಳಿ. 5 ಗ್ರಾಂ ಹೆಚ್ಚಳದಲ್ಲಿ 0.3 ಪಾಲು, ಅಂದರೆ ಮುಂದಿನ ಪೀಳಿಗೆಯ ಸರಾಸರಿ 21.5. ಇಷ್ಟೇನಾ ಅನ್ನಿಸಬಹುದು. ಆದರೆ ಇದು ಪೀಳಿಗೆಯಿಂದ ಪೀಳಿಗೆಗೆ ಕೂಡುತ್ತಾ ಹೋಗುವ ಚಕ್ರಬಡ್ಡಿ. 1970ರ ದಶಕದಲ್ಲಿ ನಾರ್ವೆಯವರು ಸಾಲ್ಮನ್ ಮೀನಿನಲ್ಲಿ ಹೀಗೇ ಶುರು ಮಾಡಿದ್ದು.

ವನಾಮಿ ಸಿಗಡಿಯ ತೂಕಕ್ಕೆ ಈ ಸಂಖ್ಯೆ ಮಧ್ಯಮ ಮಟ್ಟದ್ದು. ಬಿಳಿಚುಕ್ಕೆ ರೋಗ ತಡೆಯುವ ಶಕ್ತಿಗೆ ತೀರಾ ಕಡಿಮೆ. ಮಾಂಸದಲ್ಲಿನ ಒಮೆಗಾ-3 ವಿಷಯದಲ್ಲಂತೂ ನಾವು ಹಾಕುವ ಫೀಡ್‌ನದೇ ದೊಡ್ಡ ಕೈ.

ವನಾಮಿ ನಮ್ಮದಲ್ಲ. ಮೆಕ್ಸಿಕೊದಿಂದ ಪೆರುವರೆಗಿನ ಪೆಸಿಫಿಕ್ ಕರಾವಳಿಯದು. ಮೊದಲು ನಮ್ಮಲ್ಲಿ ಟೈಗರ್ ಸಿಗಡಿ ಇತ್ತು, ತಾಯಿಯನ್ನು ಕಡಲಿನಿಂದಲೇ ಹಿಡಿದು ತರುತ್ತಿದ್ದರು. ತೊಂಬತ್ತರ ದಶಕದಲ್ಲಿ ಬಿಳಿಚುಕ್ಕೆ ರೋಗ ಅದರ ಸೊಂಟ ಮುರಿಯಿತು. 2009ರಲ್ಲಿ ವನಾಮಿಗೆ ಅನುಮತಿ ಸಿಕ್ಕಿತು. ಇಂದು ದೇಶದ ಸಮುದ್ರಾಹಾರ ರಫ್ತಿನ ಮೌಲ್ಯದಲ್ಲಿ ಸುಮಾರು ಮೂರನೇ ಎರಡರಷ್ಟು ಸಿಗಡಿಯದ್ದೇ. ಆದರೂ ತಾಯಿ ಸಿಗಡಿಗಳು ಹೊರದೇಶದಿಂದ ವಿಮಾನದಲ್ಲಿ ಬಂದು, ಚೆನ್ನೈನ ಕ್ವಾರಂಟೈನ್ ಕೇಂದ್ರದಲ್ಲಿ ಕೂತು, ಆಮೇಲೆ ಹ್ಯಾಚರಿಗೆ ಹೋಗುತ್ತವೆ.

ಆಮದು ಸುರಕ್ಷಿತ, ರೋಗಮುಕ್ತ ಎಂಬ ವಾದದಲ್ಲಿ ಹುರುಳಿದೆ. ಆದರೆ ಬೇರೆಯವರ ಹೊಂಡದಲ್ಲಿ ಗೆದ್ದ ಕುಟುಂಬ ಮಳೆಗಾಲದಲ್ಲಿ ಉಪ್ಪೇ ತೆಳುವಾಗುವ ನಮ್ಮ ಗಜನಿಯಲ್ಲೂ ಗೆಲ್ಲಬೇಕೆಂದಿಲ್ಲ. ಏನನ್ನು ಆರಿಸಬೇಕೆಂಬ ನಿರ್ಧಾರವೂ ಅವರದೇ. ಅದು ಸಣ್ಣ ನಿರ್ಧಾರವಲ್ಲ. ಹವಾಯಿಯಲ್ಲಿ ಟೌರಾ ವೈರಸ್ ತಡೆಯುವ ಸಿಗಡಿಯನ್ನು ಆರಿಸಹೊರಟಾಗ ಬೆಳವಣಿಗೆ ವಿರುದ್ಧ ದಿಕ್ಕಿಗೆ ಎಳೆಯುವುದು ಕಂಡುಬಂದಿತ್ತು.

2024ರ ಜುಲೈ ಬಜೆಟ್‌ನಲ್ಲಿ ಸಿಗಡಿ ತಳಿ ಕೇಂದ್ರಗಳ ಜಾಲಕ್ಕೆ ನೆರವು ಘೋಷಣೆಯಾಯಿತು. ಚೆನ್ನೈನ ಸಿಬಾ ಸಂಸ್ಥೆ ನಮ್ಮದೇ ಬಿಳಿ ಸಿಗಡಿಯ ತಳಿ ಸುಧಾರಣೆಗೆ ಇಳಿದಿದೆ. ಒಳ್ಳೆಯದೇ. ಆದರೆ ಕಟ್ಟಡ ಎದ್ದರೆ ತಳಿ ಹುಟ್ಟದು. ಪ್ರತಿ ಕುಟುಂಬದ ಮರಿಗಳಿಗೆ ಬಣ್ಣದ ಗುರುತು ಚುಚ್ಚಬೇಕು, ಸಾವಿರಾರನ್ನು ತೂಗಬೇಕು, ವಂಶಾವಳಿಯನ್ನು ವರ್ಷಗಟ್ಟಲೆ ತಪ್ಪಿಲ್ಲದೆ ಬರೆದಿಡಬೇಕು. ಬೋರು ಹೊಡೆಸುವ ಕೆಲಸ. ಕ್ಯಾಮೆರಾದಿಂದ ತೂಕ ಅಂದಾಜಿಸುವುದು, ಡೇಟಾಬೇಸ್ ಕಟ್ಟುವುದು ಬಿಇ ಓದುವವರೇ ಮಾಡಬಹುದಾದದ್ದು. ನಮ್ಮ ಕ್ಯಾಂಪಸ್‌ಗೆ ಬರುವ ಯಾವ ಕಂಪನಿಯೂ ಇದರ ಹೆಸರೆತ್ತಿಲ್ಲ, ನಾವೂ ಕೇಳಿಲ್ಲ.

ಅಂದು ಆ 25 ಗ್ರಾಂನವನ್ನು ತಾಯಿಗೆ ಉಳಿಸಿಕೊಳ್ಳಬಾರದೇ ಎಂದು ಕೇಳಿದೆ. ‘ಎಲ್ಲ ಅಣ್ಣ-ತಂಗಿ ಕಣೋ, ರೋಗ ಇದೆಯೋ ಇಲ್ಲವೋ ಯಾರಿಗೆ ಗೊತ್ತು’ ಅಂದರು. ದೊಡ್ಡವೇ ಮೊದಲು ಐಸ್ ಪೆಟ್ಟಿಗೆ ಸೇರಿದವು.