ಆಫೀಸಿನ ಕೀ ಯಾರ್ಯಾರ ಹತ್ತಿರ ಇದೆ?

ದೊಡ್ಡಬಳ್ಳಾಪುರ, ನೆಲಮಂಗಲದ ಕಡೆ ಸಣ್ಣ ಕಂಪನಿಗಳಿಗೆ ಕಂಪ್ಯೂಟರ್, ನೆಟ್‌ವರ್ಕ್ ನೋಡಿಕೊಡೋದು ನನ್ನ ಕೆಲಸ. ಎಲ್ಲ ಹತ್ತು-ಹದಿನೈದು ಜನರ ಆಫೀಸುಗಳು. ಐಟಿ ಡಿಪಾರ್ಟ್‌ಮೆಂಟ್ ಅಂತ ಏನೂ ಇರಲ್ಲ. ಮೂಲೆಯಲ್ಲಿ ಟ್ಯಾಲಿ ಹಾಕಿರೋ ಒಂದು ಕಂಪ್ಯೂಟರ್, ಅದೇ ಸರ್ವರ್ರು. ಪದೇ ಪದೇ ಬರುವ ಪ್ರಶ್ನೆಯೂ ಒಂದೇ: ‘ಸಾರ್, ಇದನ್ನ ಮನೆಯಿಂದ ಓಪನ್ ಮಾಡೋಕಾಗುತ್ತಾ?’

ಈ ಸಲ ಕೇಳಿದವರು ಒಂದು ಗಾರ್ಮೆಂಟ್ಸ್ ಯೂನಿಟ್‌ನ ಅಕೌಂಟೆಂಟ್. ಹೆರಿಗೆ ರಜೆ ಮುಗಿದಿತ್ತು, ಮಗು ಇನ್ನೂ ಚಿಕ್ಕದು, ಇರೋದು ನೆಲಮಂಗಲದ ಹತ್ತಿರ ತವರುಮನೆಯಲ್ಲಿ. ದಿನಾ ಓಡಾಡೋಕೆ ಆಗಲ್ಲ ಅಂದರೆ ಕೆಲಸ ಬಿಡಬೇಕು. ಮಾಲೀಕರಿಗೂ ಅವರನ್ನು ಕಳಕೊಳ್ಳೋಕೆ ಇಷ್ಟವಿಲ್ಲ. 20ನೇ ತಾರೀಖಿನೊಳಗೆ ಜಿಎಸ್‌ಟಿ ರಿಟರ್ನ್ ಹೋಗಬೇಕಲ್ಲ! ರಜೆ ಮುಗಿದ ಮೇಲೆ ಇಬ್ಬರೂ ಒಪ್ಪಿದರೆ ಮನೆಯಿಂದ ಕೆಲಸ ಮಾಡಬಹುದು ಅನ್ನೋ ಮಾತನ್ನು 2017ರಲ್ಲೇ ಹೆರಿಗೆ ಸೌಲಭ್ಯ ಕಾಯ್ದೆಗೆ ಸೇರಿಸಿದ್ದರು. ಒಪ್ಪಿಗೆ ಇತ್ತು, ದಾರಿ ಮಾಡಿಕೊಡೋದಷ್ಟೇ ಬಾಕಿ.

‘ರೂಟರ್‌ನಲ್ಲಿ 3389 ಪೋರ್ಟ್ ಓಪನ್ ಮಾಡಿಬಿಡಿ, ರಿಮೋಟ್ ಡೆಸ್ಕ್‌ಟಾಪ್ ಬರುತ್ತೆ’ ಅಂತ ಮಾಲೀಕರಿಗೆ ಯಾರೋ ಹೇಳಿದ್ದರು. ಐದು ನಿಮಿಷದ ಕೆಲಸ, ನಿಜ. ಆದರೆ ಅದು ರಾತ್ರಿ ಅಂಗಡಿ ಶಟರ್ ಎಳೆಯದೇ ಮನೆಗೆ ಹೋದ ಹಾಗೆ. ತೆರೆದ 3389 ಎಲ್ಲಿದೆ ಅಂತ ಹುಡುಕೋ ಪ್ರೋಗ್ರಾಂಗಳು ಇಂಟರ್ನೆಟ್‌ನಲ್ಲಿ ಹಗಲೂ ರಾತ್ರಿ ತಿರುಗುತ್ತಿರುತ್ತವೆ. ಫೈಲುಗಳಿಗೆ ಬೀಗ ಜಡಿದು ದುಡ್ಡು ಕೇಳುವ ರ‍್ಯಾನ್ಸಮ್‌ವೇರ್ ಒಳಗೆ ಬರೋ ಮುಖ್ಯ ದಾರಿಗಳಲ್ಲಿ ಇದೂ ಒಂದು.

ಅದಕ್ಕೇ ವಿಪಿಎನ್. ಮನೆಯ ಲ್ಯಾಪ್‌ಟಾಪಿನಿಂದ ಆಫೀಸಿನವರೆಗೆ ಬೇರೆಯವರು ಇಣುಕಲಾಗದ ಒಂದು ಸುರಂಗ. ನಾನು ಹಾಕೋದು ವೈರ್‌ಗಾರ್ಡ್. ಉಚಿತ, ಹಗುರ, 2020ರಿಂದ ಲಿನಕ್ಸ್ ಕರ್ನಲ್‌ನಲ್ಲೇ ಸೇರಿಕೊಂಡಿದೆ. ಸರಿಯಾದ ಕೀ ಇಲ್ಲದವರು ಬಾಗಿಲು ಬಡಿದರೆ ಅದು ಉತ್ತರವನ್ನೇ ಕೊಡಲ್ಲ.

ನೀವೂ ಹಾಕೋದಾದರೆ ಮೊದಲು ರೂಟರ್‌ನಲ್ಲಿ ವ್ಯಾನ್ ಐಪಿ ನೋಡಿ. ಅದು 100.64ರಿಂದ 100.127ರೊಳಗೆ ಅಥವಾ 10ರಿಂದ ಶುರುವಾದರೆ, ನಿಮ್ಮ ಕನೆಕ್ಷನ್ ಇನ್ನೂ ಹಲವರ ಜೊತೆ ಒಂದೇ ವಿಳಾಸ ಹಂಚಿಕೊಂಡಿದೆ ಅಂತ ಅರ್ಥ. ಹೊರಗಿನಿಂದ ನೇರವಾಗಿ ಒಳಗೆ ಬರೋಕಾಗಲ್ಲ. ಇಂಟರ್ನೆಟ್ ಕೊಡುವವರ ಹತ್ತಿರ ಸ್ಟ್ಯಾಟಿಕ್ ಐಪಿ ಕೇಳಿ, ಇಲ್ಲವೇ ಟೇಲ್‌ಸ್ಕೇಲ್ ಥರದ ಸೇವೆ ಬಳಸಿ.

ಎರಡನೆಯದು, ಆಫೀಸಲ್ಲೂ ಮನೆಯಲ್ಲೂ 192.168.1 ಇದ್ದರೆ ಲ್ಯಾಪ್‌ಟಾಪಿಗೆ ಯಾವುದು ಎಲ್ಲಿಯದು ಅಂತ ಗೊತ್ತಾಗಲ್ಲ. ಆಫೀಸಿನದನ್ನು 192.168.57 ಅಂತ ಏನಾದರೂ ಬದಲಿಸಿ. ಪ್ರಿಂಟರ್ ವಿಳಾಸವನ್ನೂ ಆಗಲೇ ಸರಿಮಾಡಿ.

ಮೂರನೆಯದು, ಟ್ಯಾಲಿ ಫೋಲ್ಡರನ್ನು ವಿಪಿಎನ್ ಮೇಲೆ ನೇರವಾಗಿ ತೆರೆಯಬೇಡಿ. ನಿಧಾನ, ಮಧ್ಯೆ ಲೈನ್ ಕಟ್ಟಾದರೆ ಡೇಟಾ ಕೆಡುವ ಭಯ ಬೇರೆ. ಸುರಂಗದೊಳಗೆ ರಿಮೋಟ್ ಡೆಸ್ಕ್‌ಟಾಪ್ ಬಳಸಿ; ಆಫೀಸ್ ಕಂಪ್ಯೂಟರಿನಲ್ಲಿ ವಿಂಡೋಸ್ ಪ್ರೊ ಇರಬೇಕು, ಹೋಮ್ ಆದರೆ ನಡೆಯಲ್ಲ. ರೂಟರ್‌ಗೂ ಸೇರಿಸಿ ಯುಪಿಎಸ್ ಇರಲಿ. ಕರೆಂಟ್ ಬಂದ ಕೂಡಲೇ ತಾನಾಗಿ ಆನ್ ಆಗುವ ಹಾಗೆ ಬಯಾಸ್‌ನಲ್ಲಿ ಸೆಟ್ ಮಾಡಿ.

‘ವಿಪಿಎನ್ ಹಾಕಿದರೆ ಸರ್ಕಾರ ಹಿಡಿಯಲ್ವಾ?’ ಅಂತ ಮಾಲೀಕರು ಕೇಳಿದರು. 2022ರ ಏಪ್ರಿಲ್‌ನಲ್ಲಿ ಸರ್ಟ್-ಇನ್ ತಂದ, ಗ್ರಾಹಕರ ವಿವರ ಐದು ವರ್ಷ ಇಡಬೇಕೆಂಬ ನಿಯಮ ಸಾರ್ವಜನಿಕರಿಗೆ ವಿಪಿಎನ್ ಮಾರುವವರಿಗೆ. ಕಂಪನಿ ತನ್ನ ಕೆಲಸಗಾರರಿಗೆ ಹಾಕಿಕೊಂಡ ವಿಪಿಎನ್‌ಗೆ ಅದು ಅನ್ವಯಿಸಲ್ಲ ಅಂತ ಅವರೇ ಸ್ಪಷ್ಟಪಡಿಸಿದ್ದಾರೆ.

ಈಗ ಆ ಅಕೌಂಟೆಂಟ್ ವಾರಕ್ಕೊಂದು ದಿನ ಬಂದು ಬಿಲ್ಲು, ವೋಚರ್ ನೋಡಿಕೊಂಡು ಹೋಗುತ್ತಾರೆ. ಉಳಿದದ್ದು ಮನೆಯಿಂದ, ಮಗು ಮಲಗಿದಾಗ.

ಹಾಕೋದು ಅರ್ಧ ಕೆಲಸ, ತೆಗೆಯೋದು ಇನ್ನರ್ಧ. 2021ರ ಏಪ್ರಿಲ್ ಕೊನೆಯಲ್ಲಿ ಅಮೆರಿಕದ ಕಲೋನಿಯಲ್ ಪೈಪ್‌ಲೈನ್ ಕಂಪನಿಗೆ ಕನ್ನಗಳ್ಳರು ನುಗ್ಗಿದ್ದು, ಯಾರೂ ಬಳಸದೆ ಬಿಟ್ಟಿದ್ದ ಒಂದು ಹಳೇ ವಿಪಿಎನ್ ಖಾತೆಯಿಂದ. ಪಾಸ್‌ವರ್ಡ್ ಒಂದೇ ಕಾವಲು, ಒಟಿಪಿ ಥರದ ಎರಡನೇ ತಪಾಸಣೆ ಇರಲಿಲ್ಲ. ಪೂರ್ವ ಕರಾವಳಿಯ ಬಂಕುಗಳಲ್ಲಿ ಪೆಟ್ರೋಲಿಗೆ ಪರದಾಟವಾಯಿತು. ಕಂಪನಿ ಸುಮಾರು 44 ಲಕ್ಷ ಡಾಲರ್ ಕಕ್ಕಿತು.

ಅಷ್ಟು ದೊಡ್ಡವರಿಗೇ ಹಾಗಾದರೆ ನಮ್ಮದೇನು ಲೆಕ್ಕ? ಹಾಗಾಗಿ ಒಬ್ಬೊಬ್ಬರಿಗೆ, ಒಂದೊಂದು ಸಾಧನಕ್ಕೆ ಬೇರೆ ಬೇರೆ ಕೀ ಕೊಡಿ. ಯಾವ ಕೀ ಯಾರದ್ದು ಅಂತ ಹಾಜರಿ ಪುಸ್ತಕದ ಕೊನೆ ಹಾಳೆಯಲ್ಲಿ ಬರೆದಿಡಿ. ಯಾರಾದರೂ ಕೆಲಸ ಬಿಟ್ಟ ದಿನವೇ, ಲೆಕ್ಕ ಚುಕ್ತಾ ಮಾಡುವ ಹೊತ್ತಿಗೆ, ಅವರ ಸಾಲಿನ ಮೇಲೆ ಗೆರೆ ಎಳೆಯಿರಿ, ಕೀ ಅಳಿಸಿ. ಫೋನ್ ಕಳೆದರೂ ಅಷ್ಟೇ. ಉಳಿದವರ ಕೆಲಸ ಒಂದು ನಿಮಿಷವೂ ನಿಲ್ಲಲ್ಲ.